ಆಯುಧ ಖರೀದಿಯೂ ಒಂದು ಅಮಾನತ್ತು

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದೇಶದ ರಕ್ಷಣೆಯ ಕುರಿತು ನಮ್ಮ ಸಮುದಾಯವು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಮಾತ್ರ ಮಾತನಾಡುತ್ತದೆ. ಒಂದು, ಯಾರಾದರೂ ನಮ್ಮ ದೇಶಪ್ರೇಮವನ್ನು ಪ್ರಶ್ನಿಸಿದಾಗ. ಇನ್ನೊಂದು, ಅಬ್ದುಲ್ ಕಲಾಮ್‌ರ ಹೆಸರು ಹೇಳಿ ಹೆಮ್ಮೆಪಡುವಾಗ. ಆದರೆ ಬೀಡಿ ಕಟ್ಟುವ ತಾಯಿಯೊಬ್ಬಳು ಒಂದು ಸಾಬೂನು ಕೊಂಡರೂ ಸರಕಾರಕ್ಕೆ ತೆರಿಗೆ ಸಲ್ಲುತ್ತದೆ. ಫಿರಂಗಿಗೂ ವಿಮಾನಕ್ಕೂ ವ್ಯಯವಾಗುವುದು ಇಂಥ ಹಣವೇ. ಅದು ಆಳುವವರ ಕೈಯಲ್ಲಿರುವ ಅಮಾನತ್ತು. ಅದರ ಲೆಕ್ಕ ಕೇಳುವುದು ದ್ರೋಹವಲ್ಲ, ಕರ್ತವ್ಯ.

ಬೋಫೋರ್ಸ್ ಪ್ರಕರಣವನ್ನು ನಾವು ಕೇವಲ ಲಂಚದ ಕಥೆಯಾಗಿ ನೆನಪಿಟ್ಟುಕೊಂಡಿದ್ದೇವೆ. 1986ರಲ್ಲಿ ಸ್ವೀಡನ್ನಿನ ಆ ಕಂಪೆನಿಯಿಂದ ಸುಮಾರು 400 ಫಿರಂಗಿಗಳ ಖರೀದಿಗೆ ಒಪ್ಪಂದವಾಯಿತು. ಮರುವರ್ಷ ಲಂಚದ ಆರೋಪ ಹೊರಬಿತ್ತು. ವರ್ಷಗಟ್ಟಲೆ ಮೊಕದ್ದಮೆ ನಡೆದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ ಶಿಕ್ಷೆ ಅನುಭವಿಸಿದ್ದು ಸೇನೆ. ಹಗರಣದ ಭಯದಿಂದ ಯಾವ ಅಧಿಕಾರಿಯೂ ಸಹಿ ಹಾಕಲು ಮುಂದಾಗಲಿಲ್ಲ. ಹೊಸ ಫಿರಂಗಿಗಳ ದೊಡ್ಡ ಒಪ್ಪಂದಕ್ಕಾಗಿ 2016ರ ತನಕ ಕಾಯಬೇಕಾಯಿತು. ಇನ್ನೂ ನೋವಿನ ಸಂಗತಿಯೆಂದರೆ, ಅವುಗಳನ್ನು ಇಲ್ಲಿಯೇ ತಯಾರಿಸಲು ಬೇಕಾದ ನಕ್ಷೆಗಳು ಅಂದೇ ನಮ್ಮ ಕೈಸೇರಿದ್ದವು. ಅವುಗಳ ಆಧಾರದಲ್ಲಿ ಜಬಲ್ಪುರದ ಕಾರ್ಖಾನೆಯಲ್ಲಿ ತಯಾರಾದ 'ಧನುಷ್' ಸೇನೆಗೆ ಸೇರಿದ್ದು 2019ರಲ್ಲಿ. ಹಣ ಕೊಟ್ಟು ಕೊಂಡ ವಿದ್ಯೆಯು ಮೂರು ದಶಕ ವ್ಯರ್ಥವಾಯಿತು.

ನಮ್ಮ ಬೆಂಗಳೂರಿನ ಅನುಭವವೂ ಇದೇ. ಎಚ್.ಎ.ಎಲ್. ನಿರ್ಮಿಸಿದ 'ಮರುತ್' ಯುದ್ಧವಿಮಾನ 1961ರಲ್ಲಿಯೇ ಹಾರಿತು. ತಕ್ಕ ಇಂಜಿನ್ ದೊರೆಯದೆ ಅದು ತನ್ನ ಪೂರ್ಣ ಸಾಮರ್ಥ್ಯವನ್ನು ತೋರಲಾಗಲಿಲ್ಲ. ಇಂದಿನ 'ತೇಜಸ್' ಕೂಡ ಹಾರುವುದು ಅಮೆರಿಕದ ಇಂಜಿನ್ನಿನಿಂದ. 2021ರಲ್ಲಿ 83 ವಿಮಾನಗಳಿಗೆ ಆದೇಶ ನೀಡಲಾಯಿತು. ಆದರೆ ಅಲ್ಲಿಂದ ಇಂಜಿನ್ ಬರುವುದು ತಡವಾದಾಗ ಇಲ್ಲಿಯ ಕೆಲಸವೂ ಹಿಂದೆ ಬಿತ್ತು.

ಸುಧಾರಣೆಗಳು ನಡೆದಿಲ್ಲವೆಂದಲ್ಲ. ಕಾರ್ಗಿಲ್ ಯುದ್ಧದ ಬಳಿಕ 2002ರಲ್ಲಿ ಖರೀದಿಗೆ ಲಿಖಿತ ನಿಯಮಾವಳಿ ಬಂತು. 2020ರಲ್ಲಿ 101 ಬಗೆಯ ಸಾಮಗ್ರಿಗಳ ಆಮದಿಗೆ ಹಂತ ಹಂತವಾಗಿ ತಡೆ ಘೋಷಿಸಲಾಯಿತು. 2021ರಲ್ಲಿ 41 ಸರಕಾರಿ ಆಯುಧ ಕಾರ್ಖಾನೆಗಳನ್ನು ಏಳು ಕಂಪೆನಿಗಳಾಗಿ ವಿಂಗಡಿಸಲಾಯಿತು. ಆದರೆ ನಿಯಮ ಬದಲಾದರೆ ಸಾಲದು. ಸಣ್ಣ ಕಾರ್ಖಾನೆಯವನು ಯಂತ್ರ ಕೊಳ್ಳಬೇಕಾದರೆ ಮುಂದಿನ ಹತ್ತು ವರ್ಷ ಆದೇಶ ದೊರೆಯುವ ಭರವಸೆ ಬೇಕು. ಪ್ರಾಮಾಣಿಕವಾಗಿ ನಿರ್ಧರಿಸಿದ ಅಧಿಕಾರಿಗೆ ರಕ್ಷಣೆ ಬೇಕು, ಲಂಚಕೋರನಿಗೆ ಶೀಘ್ರ ಶಿಕ್ಷೆಯಾಗಬೇಕು. ರಹಸ್ಯವೆಂಬ ಪರದೆಯು ಶತ್ರುವಿನೆದುರು ಇರಲಿ, ಲೆಕ್ಕಪರಿಶೋಧಕನೆದುರು ಬೇಡ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರವರು ಸಮಾನವಾಗಿ ಶಪಿಸಿದ್ದಾರೆಂಬುದನ್ನು ನಾವು ಮರೆಯಬಾರದು.

ಮದೀನದ ರಕ್ಷಣೆಗಾಗಿ ಕಂದಕ ತೋಡುವ ಸಲಹೆ ನೀಡಿದವರು ಹ. ಸಲ್ಮಾನ್ ಫಾರಿಸಿ(ರ). ಆ ವಿದ್ಯೆ ಪರ್ಷಿಯಾದ್ದು. ಆದರೆ ಅಗೆದ ಕೈಗಳು ಮದೀನದವು, ಪ್ರವಾದಿ(ಸ)ರವರೂ ಸ್ವತಃ ಮಣ್ಣು ಹೊತ್ತರು. ವಿದ್ಯೆಯನ್ನು ಎಲ್ಲಿಂದಲಾದರೂ ಪಡೆಯೋಣ, ದುಡಿಮೆ ನಮ್ಮದಾಗಿರಲಿ. ನಮ್ಮ ಪಟ್ಟಣಗಳ ಇಂಜಿನಿಯರಿಂಗ್ ಪದವೀಧರರು ಗಲ್ಫ್ ವೀಸಾಕ್ಕಾಗಿ ಮಾತ್ರ ಕಾಯದೆ ಈ ಪ್ರಯೋಗಾಲಯಗಳ ಬಾಗಿಲನ್ನೂ ತಟ್ಟಲಿ. ಶಕ್ತಿಯು ಅತಿಕ್ರಮಣಕ್ಕಲ್ಲ, ಶಾಂತಿಯ ಕಾವಲಿಗೆ. ಅಲ್ಲಾಹನು ನಮ್ಮನ್ನು ಅಮಾನತ್ತನ್ನು ಪಾಲಿಸುವವರ ಸಾಲಿನಲ್ಲಿ ಸೇರಿಸಲಿ.