ಕಾಲೇಜು ನಮ್ಮ ಕೇರಿಗೆ ಬಂದಾಗ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಮಿಕರ ಸಭೆಯಲ್ಲಿ ಕಾಲೇಜಿನ ವಿಷಯವೇಕೆ ಎಂದು ಕೆಲವರು ಕೇಳಿದರು. ಸರ್ಕಾರಿ ಕಾಲೇಜು ನಡೆಯುವುದು ಯಾರ ಹಣದಿಂದ? ಸಾಬೂನು ಕೊಂಡವನೂ ತೆರಿಗೆ ಕೊಡುತ್ತಾನೆ. ಆ ಹಣದಲ್ಲಿ ಓದುವ ಹುಡುಗ ಹುಡುಗಿಯರು ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಹಿಡಿದು ನಮ್ಮ ಕೇರಿಗೆ ಬರುತ್ತಾರೆ. ಅವರು ಬಂದದ್ದರಿಂದ ಅವರಿಗೇನಾಯಿತು, ನಮಗೇನಾಯಿತು ಎಂದು ಕೇಳುವ ಹಕ್ಕು ನಮಗಿದೆ.

ನಾವು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಒಂದು ದಿನ ನಲ್ಲಿಯಿಂದ ತೊಟ್ಟಿ ತುಂಬುವ ಲೆಕ್ಕ ಕೊಟ್ಟಾಗ ಒಬ್ಬ ಹುಡುಗಿ ಎದ್ದು, "ಮೇಷ್ಟ್ರೇ, ನೀರು ಬಿಡದ ದಿನ ತೊಟ್ಟಿ ಎಷ್ಟು ಹೊತ್ತಿಗೆ ತುಂಬುತ್ತದೆ?" ಎಂದಳು. ತರಗತಿ ನಕ್ಕಿತು, ನಮಗೆ ನಗು ಬರಲಿಲ್ಲ. ಮರುದಿನ ಮಕ್ಕಳನ್ನು ಬೀದಿ ನಲ್ಲಿಯ ಬಳಿಗೇ ಕರೆದೊಯ್ದೆವು. ಎಷ್ಟು ಕೊಡ, ಎಷ್ಟು ಮನೆ, ಎಷ್ಟು ನಿಮಿಷ ಎಂದು ಬರೆದುಕೊಂಡರು. ಆ ವಾರ ಭಾಗಾಕಾರ ಬಾರದ ಮಗುವಿಗೂ ಭಾಗಾಕಾರ ಬಂತು. ಓದನ್ನೂ ಬೀದಿಯನ್ನೂ ಕೂಡಿಸಿದರೆ ಎರಡಕ್ಕೂ ಲಾಭವೆಂದು ನಾವು ಕಲಿತದ್ದು ಅಲ್ಲಿ.

ಈ ವಿಚಾರ ಹೊಸದಲ್ಲ. ಮುಂಬಯಿಯ ಬಡಜನರ ನಾಗಪಾಡಾದಲ್ಲಿ 1926ರಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಪಾದ್ರಿ ಒಂದು ನೆರೆಹೊರೆ ಕೇಂದ್ರ ತೆರೆದರು. ಅಲ್ಲಿನ ಅನುಭವದ ಮೇಲೆಯೇ 1936ರಲ್ಲಿ ಸಮಾಜಕಾರ್ಯದ ಶಾಲೆ ಹುಟ್ಟಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಸಮಾಜಕಾರ್ಯ ಓದುವವರು ತರಗತಿಯ ಜೊತೆಜೊತೆಗೇ ಕೇರಿ, ಆಸ್ಪತ್ರೆಗಳಲ್ಲಿ ಕ್ಷೇತ್ರಕಾರ್ಯ ಮಾಡಬೇಕು. ಉಳಿದ ಕಾಲೇಜುಗಳಿಗೆ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಬಂತು. ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದ ವಿ.ಕೆ.ಆರ್.ವಿ. ರಾವ್ ಆಗ ಕೇಂದ್ರದ ಶಿಕ್ಷಣ ಮಂತ್ರಿ. ಮೊದಲು ಸೇರಿದ್ದು 37 ವಿಶ್ವವಿದ್ಯಾನಿಲಯಗಳು, 40,000 ವಿದ್ಯಾರ್ಥಿಗಳು. ಸೇರಿದವರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಮಾಡಬೇಕು.

ಕಾಗದದ ಮೇಲೆ ಒಳ್ಳೆಯದೇ. ಆದರೆ ನಮ್ಮ ಕೇರಿಯಲ್ಲಿ ನಾವು ಕಂಡದ್ದೇನು? ಒಂದೇ ಸಾಲಿನ ಮನೆಗಳಿಗೆ ಮೂರು ಸಲ ವಿದ್ಯಾರ್ಥಿಗಳು ಬಂದರು. ಮನೆಯಲ್ಲಿ ಎಷ್ಟು ಜನ, ಕಕ್ಕಸು ಇದೆಯೇ, ಸಾಲ ಎಷ್ಟು ಎಂದು ಮೂರು ಸಲವೂ ಕೇಳಿದರು. ರಾತ್ರಿ ಪಾಳಿ ಮುಗಿಸಿ ಮಲಗಿದವರು ಎದ್ದು ಉತ್ತರ ಕೊಟ್ಟರು. ವರದಿ ಕಾಲೇಜಿಗೆ ಹೋಯಿತು, ಅಂಕ ಬಂತು. ಆ ವರದಿಯಲ್ಲಿ ಏನಿದೆಯೆಂದು ಇಂದಿಗೂ ಈ ಕೇರಿಯ ಒಬ್ಬರಿಗೂ ತಿಳಿಯದು. ಇನ್ನೊಂದು ಸಲ ಪೊರಕೆ ಹಿಡಿದು ಚರಂಡಿ ಗುಡಿಸಿ, ಫೋಟೋ ತೆಗೆಸಿಕೊಂಡು ಹೋದರು. ಎರಡೇ ದಿನಕ್ಕೆ ಚರಂಡಿ ಮತ್ತೆ ಕಟ್ಟಿತು.

ಆ ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಚರಂಡಿ ಗುಡಿಸುವುದು ಒಂದು ದಿನದ ಸೇವೆ. ಅದು ಕಟ್ಟಿದ್ದೇಕೆ, ನಗರಸಭೆಯ ಆಯವ್ಯಯದಲ್ಲಿ ಈ ವಾರ್ಡಿಗೆ ಎಷ್ಟು ಹಣವಿತ್ತು, ಪೌರಕಾರ್ಮಿಕರು ಎಷ್ಟು ಜನ, ಅವರಿಗೆ ಸಂಬಳ ಸಕಾಲಕ್ಕೆ ಬಂತೇ ಎಂದು ಹುಡುಕುವುದು ಶಿಕ್ಷಣ. ವಾಣಿಜ್ಯ ಓದುವ ಹುಡುಗ ನಮ್ಮ ಕಿರಾಣಿ ಅಂಗಡಿಯಲ್ಲಿ ಒಂದು ವಾರ ಕೂತು ಉದ್ರಿ ಪುಸ್ತಕ ನೋಡಲಿ. ಮೀಟರ್ ಬಡ್ಡಿ ಅಂಗಡಿಯವನ ಲಾಭವನ್ನು ಹೇಗೆ ತಿನ್ನುತ್ತದೆಂದು ಯಾವ ಪಠ್ಯವೂ ಅಷ್ಟು ಚೆನ್ನಾಗಿ ಕಲಿಸಲಾರದು.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಂದು, ಪ್ರಶ್ನೆಗಳ ಪಟ್ಟಿ ತಯಾರಿಸುವ ಮೊದಲು ಕೇರಿಯವರನ್ನು ಕೇಳಬೇಕು. ಯಜಮಾನನನ್ನಷ್ಟೇ ಅಲ್ಲ, ನೀರು ಹೊರುವ ಹೆಂಗಸರನ್ನೂ ಕೇಳಬೇಕು. ಎರಡು, ಬರೆದ ವರದಿಯನ್ನು ಇದೇ ಕೇರಿಯಲ್ಲಿ ಕನ್ನಡದಲ್ಲಿ ಓದಿ ಹೇಳಿ, ಒಂದು ಪ್ರತಿಯನ್ನು ನಮಗೆ ಕೊಡಬೇಕು. ಮೂರು, ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ ಬಸ್ಸಿನ ಖರ್ಚನ್ನು ಕಾಲೇಜು ಕೊಡಬೇಕು, ಕೆಲಸವನ್ನು ಓದಿನ ವೇಳೆಯಲ್ಲೇ ಇಡಬೇಕು. ಸಂಜೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಫೀಸು ಹೊಂದಿಸುವ ಕಾರ್ಮಿಕನ ಮಗ, ಸಂಜೆಯ ಸೇವೆಗೆ ಎಲ್ಲಿಂದ ಬಂದಾನು? ಹಾಗೆ ಬಿಟ್ಟರೆ ಸೇವೆಯೂ ಉಳ್ಳವರ ಮಕ್ಕಳ ಸೊತ್ತಾಗುತ್ತದೆ.

ನಮ್ಮ ಕರ್ತವ್ಯವೂ ಇದೆ. ಬಂದ ಮಕ್ಕಳನ್ನು ಗದರಿಸಿ ಕಳಿಸಬೇಡಿ. ಕೂರಿಸಿ, ನೀರು ಕೊಡಿ. ಸಾಲವನ್ನು ಕಡಿಮೆ ಹೇಳಬೇಡಿ, ಕೂಲಿಯನ್ನು ಹೆಚ್ಚು ಹೇಳಬೇಡಿ. ಮಾನಕ್ಕಂಜಿ ಹೇಳಿದ ಸುಳ್ಳು ಲೆಕ್ಕ ನಮಗೇ ಮುಳುವಾಗುತ್ತದೆ. ಎಲ್ಲ ಉತ್ತರ ಕೊಟ್ಟ ಮೇಲೆ ನೀವೂ ಒಂದು ಪ್ರಶ್ನೆ ಕೇಳಿ: "ಇದನ್ನು ನಮಗೆ ಓದಿ ಹೇಳಲು ಯಾವ ದಿನ ಬರುತ್ತೀರಪ್ಪಾ?"

ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಂದು ನಾವೂ ಬರುತ್ತೇವೆ.