‘ಕನಾರ್ಟಕ’ವಲ್ಲ, ಕರ್ನಾಟಕ!

(ಹೂವಿನಹಡಗಲಿಯ ಕನ್ನಡ ರಾಜ್ಯೋತ್ಸವ ಸಭೆಯಲ್ಲಿ ಊರಿನ ಮುದ್ರಣಾಲಯವೊಂದರ ಮಾಲೀಕರು ಮಾಡಿದ ಭಾಷಣದ ಪಾಠ)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಮುದ್ರಣಾಲಯಕ್ಕೆ ಬಂದು ಕುಳಿತವನು. ಈ ಸಭೆಯ ಕರಪತ್ರ ಅಚ್ಚು ಹಾಕಿದವನೂ ನಾನೇ. ಅದನ್ನು ಕೊಡಲು ಹೋದಾಗ ಸಂಘಟಕರು, “ಪ್ರತಿವರ್ಷ ನಮ್ಮ ಮಾತು ಅಚ್ಚು ಹಾಕ್ತೀರಿ, ಈ ಸಲ ನೀವೇ ನಾಲ್ಕು ಮಾತು ಆಡ್ರಿ” ಎಂದು ಗಂಟುಬಿದ್ದರು. ನಾಮಫಲಕದ ಬಗ್ಗೆ, ಬ್ಯಾಂಕಿನ ಚಲನ್ ಬಗ್ಗೆ, ನೇಮಕಾತಿಯ ಬಗ್ಗೆ ನನಗಿಂತ ಮೊದಲು ಮಾತಾಡಿದವರು ಹೇಳಿದ್ದಾರೆ. ಅದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ನಾನು ಹೇಳುವುದು ಕಣ್ಣಿಗೆ ಕಾಣದ ಇನ್ನೊಂದು ಫಲಕದ ಬಗ್ಗೆ. ಅದು ನಮ್ಮ ನಿಮ್ಮ ಗಣಕಯಂತ್ರದ ಒಳಗಿದೆ. ಅಲ್ಲಿ ಕನ್ನಡದ ವೇಷ ಹಾಕಿಕೊಂಡು ಇಂಗ್ಲಿಷ್ ಕುಳಿತಿದೆ!

ಮೊದಲು ನಡೆದದ್ದನ್ನು ಹೇಳುತ್ತೇನೆ. 2004ರಲ್ಲಿ ನಮ್ಮ ತಾಲ್ಲೂಕಿನ ನಿವೃತ್ತ ಮೇಷ್ಟರೊಬ್ಬರು ಮೈಲಾರದ ಸುತ್ತಲಿನ ಹಳ್ಳಿಗಳನ್ನು ಸೈಕಲ್ ಮೇಲೆ ಸುತ್ತಿ, ಗೊರವರ ಪದ, ಸೋಬಾನೆ ಪದ, ಬೀಸುವ ಪದ ಕೂಡಿಸಿಕೊಂಡು ನನ್ನ ಹತ್ತಿರ ಬಂದರು. ಸ್ವಂತ ದುಡ್ಡು ಹಾಕಿ ಐನೂರು ಪ್ರತಿ ಮಾಡಿಸಿದರು. ಮೇಷ್ಟರು ಈಗಿಲ್ಲ. ಹೋದ ವರ್ಷ ಅವರ ಮಗಳು ಬಂದು, “ಅಣ್ಣಾ, ಅಪ್ಪನ ಪುಸ್ತಕ ಮನೆಯಾಗ ಒಂದೂ ಉಳಿದಿಲ್ಲ. ನಿಮ್ಮ ಕಂಪ್ಯೂಟರಿನಾಗ ಇದ್ರ ನನ್ನ ಫೋನಿಗೆ ಕಳಿಸ್ರಿ” ಎಂದಳು. ಹುಡುಕಿದೆ, ಸಿಕ್ಕಿತು, ಹೆಮ್ಮೆಯಿಂದ ಕಳಿಸಿದೆ. ಅರ್ಧ ಗಂಟೆಗೆ ಅವಳ ಫೋನು. “ಅಣ್ಣಾ, ಇದರಾಗ ಒಂದಕ್ಷರವೂ ಕನ್ನಡ ಇಲ್ಲಲ್ಲ?”

ನಿಜ, ಒಂದಕ್ಷರವೂ ಇರಲಿಲ್ಲ. ನನ್ನ ಹಳೆಯ ಯಂತ್ರದಲ್ಲಿ ಚೆಂದದ ಕನ್ನಡವಾಗಿ ಕಾಣುವ ಪುಸ್ತಕ, ಅವಳ ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಕೊಂಬು ಮೂಡಿದ ‘ಎ’ಗಳ ಕಸದ ರಾಶಿ. ಹಳೆಯ ಯಂತ್ರ ಬದುಕಿರುವ ತನಕ ಮತ್ತೆ ಅಚ್ಚು ಹಾಕಬಹುದು. ಅದು ಸತ್ತ ದಿನ ಮೇಷ್ಟರು ಕೂಡಿಸಿದ ಪದಗಳೂ ಸತ್ತಂತೆ!

ಹೀಗೇಕಾಯಿತು? ನಮ್ಮ ವೃತ್ತಿಯ ಮಾತಿನಲ್ಲೇ ಹೇಳುತ್ತೇನೆ. 1843ರ ಜುಲೈ 1ರಂದು ಮೊಗ್ಲಿಂಗ್ ಸಾಹೇಬರು ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಮರುವರ್ಷ ಅದೇ ಪತ್ರಿಕೆ ನಮ್ಮ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು, ಇಲ್ಲಿ ಅಚ್ಚುಮೊಳೆಗಳಿದ್ದವು. ಕಲ್ಲಚ್ಚಿನಲ್ಲಿ ಇರುವುದು ಅಕ್ಷರದ ಚಿತ್ರ. ಮೊಳೆಯಲ್ಲಿ ಇರುವುದು ಅಕ್ಷರ. ಬಿಚ್ಚಿ ಮತ್ತೆ ಬೇರೆ ಪದ ಜೋಡಿಸಬಹುದು. ಗಣಕಯಂತ್ರ ಬಂದ ಹೊಸತರಲ್ಲಿ ನಾವೆಲ್ಲ ಮಾಡಿದ್ದು ಒಂದು ಬಗೆಯ ಕಲ್ಲಚ್ಚನ್ನೇ. ಯಂತ್ರಕ್ಕೆ ಗೊತ್ತಿದ್ದುದು ಇಂಗ್ಲಿಷ್ ಅಕ್ಷರ ಮಾತ್ರ. ಅವುಗಳ ಮುಖಕ್ಕೆ ಕನ್ನಡದ ಚೂರುಗಳ ಮುಖವಾಡ ಹಾಕಿದೆವು. ಅದಕ್ಕೆ ಫಾಂಟ್ ಎಂದೆವು. ಹಳೆಯ ನುಡಿ ಜೋಡಣೆಯಲ್ಲಿ ‘ಕನ್ನಡ’ ಎಂದು ಬರೆದರೆ ಒಳಗೆ ಕೂರುವುದು ಒಂದು ‘ಪಿ’, ಕೊಂಬಿನ ‘ಎ’, ಪೌಂಡಿನ ಗುರುತು, ಮತ್ತೆ ಕೊಂಬಿನ ‘ಎ’, ಒಂದು ಜರ್ಮನ್ ಅಕ್ಷರ, ಸಣ್ಣ ‘ಕ್ಯೂ’, ಮತ್ತೊಂದು ಕೊಂಬಿನ ‘ಎ’. ಫಾಂಟ್ ಇಲ್ಲದ ಕಡೆ ಮುಖವಾಡ ಕಳಚಿ ಬೀಳುತ್ತದೆ.

ಯಾರನ್ನೂ ಹಳಿಯುತ್ತಿಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರ ಕೀಲಿಮಣೆ, 1998ರಲ್ಲಿ ಶೇಷಾದ್ರಿ ವಾಸು ಅವರು ಕೊಟ್ಟ ಬರಹ, ಆಮೇಲೆ ಬಂದ ನುಡಿ, ಇವು ಇಲ್ಲದಿದ್ದರೆ ನನ್ನಂಥವರು ಕನ್ನಡದಲ್ಲಿ ಲಗ್ನಪತ್ರಿಕೆಯನ್ನೂ ಮಾಡುತ್ತಿರಲಿಲ್ಲ. ಆ ಕಾಲಕ್ಕೆ ಅದೇ ದಾರಿ. ಆದರೆ ಇನ್ನೊಂದು ದಾರಿಯೂ ತೆರೆದಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಖಾಯಂ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿ ಬಂದಾಗ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಓಣಿ ಸಿಕ್ಕಿತ್ತು. ಇವತ್ತು ನಿಮ್ಮ ಫೋನಿನಲ್ಲಿ ಓಡಾಡುವ ಕನ್ನಡ ಆ ಓಣಿಯದು. ನಮ್ಮ ಹಳೆಯ ಕಡತಗಳು ಇನ್ನೂ ಊರ ಹೊರಗೆ ನಿಂತಿವೆ.

ಪರಿವರ್ತಕಗಳು ಇವೆ. ಬರಹ, ನುಡಿಯಲ್ಲಿ ಬರೆದದ್ದಕ್ಕೆ ಪುಕ್ಕಟೆಯಾಗಿಯೇ ಸಿಗುತ್ತವೆ. ನನ್ನ ದುರದೃಷ್ಟಕ್ಕೆ ನಾನು ಆಗ ಕೊಂಡ ಫಾಂಟಿನ ಜೋಡಣೆಯೇ ಬೇರೆ. ಸಿಕ್ಕ ಪರಿವರ್ತಕಗಳಿಗೆಲ್ಲ ಹಾಕಿ ನೋಡಿದೆ, ಕಸ ಹೋಗಿ ಇನ್ನೊಂದು ಕಸ ಬಂತು. ಆಗ ಹೊಸಪೇಟೆಯಲ್ಲಿ ಡಿಪ್ಲೊಮಾ ಓದುವ ನನ್ನ ಅಕ್ಕನ ಮಗಳು, “ಮಾಮಾ, ಪೈಥಾನ್ ಹಾಕ್ಕೋರಿ. ನಿಮ್ಮ ಫಾಂಟಿಗೆ ನೀವೇ ಪರಿವರ್ತಕ ಮಾಡ್ರಿ” ಎಂದಳು.

ಪೈಥಾನ್ ಎಂದರೆ ಗಣಕಕ್ಕೆ ಕೆಲಸ ಹೇಳುವ ಒಂದು ಭಾಷೆ. ನೆದರ್ಲೆಂಡ್ಸಿನ ಗಿಡೊ ವ್ಯಾನ್ ರೋಸಮ್ ಎಂಬಾತ ಮಾಡಿದ್ದು. ಮೊದಲು ಹೊರಬಂದದ್ದು ಅದೇ 1991ರಲ್ಲಿ. ಬೆಲೆ ಒಂದು ಪೈಸೆಯೂ ಇಲ್ಲ. ಯಾರ ಅಪ್ಪಣೆಯೂ ಬೇಡ.

ಹಾಕಲು ಕುಳಿತೆ. ಮೊದಲ ದಿನವೇ ಸೋಲು. ನನ್ನ ಯಂತ್ರ ವಿಂಡೋಸ್ 7ರದ್ದು; ಹಳೆಯ ಪೇಜ್‌ಮೇಕರ್ ಕಡತಗಳಿಗಾಗಿ ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ. ಇಳಿಸಿಕೊಂಡ ಹೊಸ ಪೈಥಾನ್ ಅದರ ಮೇಲೆ ಏರಲಿಲ್ಲ. ವಿಂಡೋಸ್ 7ಕ್ಕೆ 3.8ನೆಯ ಆವೃತ್ತಿಯೇ ಕೊನೆ. 30 ಎಂಬಿಗಿಂತ ಕಡಿಮೆಯ ಕಡತ. ಬೇರೆ ಯಂತ್ರದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದೆ. ಆ ಆವೃತ್ತಿಗೆ ದುರಸ್ತಿ ಬರುವುದೂ 2024ರ ಅಕ್ಟೋಬರಿಗೆ ನಿಂತಿದೆ. ಆದ್ದರಿಂದ ಈ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸುವುದಿಲ್ಲ. ಹೊಸ ಯಂತ್ರ ಇದ್ದವರು ಹೊಸದನ್ನೇ ಹಾಕಿಕೊಳ್ಳಿ.

ಎರಡನೆಯ ದಿನ ಹಾಕಿಸಿದೆ. ‘ಯಶಸ್ವಿ’ ಎಂದು ಇಂಗ್ಲಿಷಿನಲ್ಲಿ ಹೇಳಿತು. ಆದರೆ ಕಪ್ಪು ಕಿಟಕಿ ತೆರೆದು ಪೈಥಾನ್ ಎಂದು ಬರೆದರೆ, ಅಂಥದ್ದು ನನಗೆ ಗೊತ್ತೇ ಇಲ್ಲ ಎಂದಿತು! ಅಕ್ಕನ ಮಗಳಿಗೆ ಫೋನು ಮಾಡಿದೆ. “ಮಾಮಾ, ಮೊದಲ ಪರದೆಯ ತಳಕ್ಕ ಒಂದು ಸಣ್ಣ ಚೌಕ ಇತ್ತು, ‘ಪಾತ್’ ಅಂತ. ಅದಕ್ಕ ಟಿಕ್ ಹಾಕೀರೇನು?” ಹಾಕಿರಲಿಲ್ಲ. ಹೊಸ ಬಾಡಿಗೆದಾರ ಮನೆಗೆ ಬಂದಿದ್ದಾನೆ, ಅಂಚೆಯವನಿಗೆ ವಿಳಾಸ ಕೊಟ್ಟಿಲ್ಲ; ಕಾಗದ ಎಲ್ಲಿಗೆ ತಲುಪಬೇಕು? ತೆಗೆದು ಮತ್ತೆ ಹಾಕಿದೆ, ಟಿಕ್ ಮಾಡಿದೆ, ಬಾಗಿಲು ತೆರೆಯಿತು. ಆ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ನನ್ನ ಒಂದು ದಿನ ಉಳಿಯುತ್ತಿತ್ತು. ಪೈಥಾನಿನ ಜೊತೆಗೇ ಬರುವ ‘ಐಡಲ್’ ಎಂಬ ಬರೆಯುವ ಕಿಟಕಿ ಇದೆ. ಕಪ್ಪು ಕಿಟಕಿಯಲ್ಲಿ ಕನ್ನಡ ಸರಿಯಾಗಿ ಕಾಣುವುದಿಲ್ಲ, ಐಡಲ್‌ನಲ್ಲಿ ಬರೆಯಿರಿ.

ಇಲ್ಲಿಂದ ಮುಂದೆ ನನಗೆ ಸಿಕ್ಕ ಸಂತೋಷ ಕೇಳಿ. ಈ ಭಾಷೆಯ ಕಡ್ಡಾಯದ ಇಂಗ್ಲಿಷ್ ಪದಗಳು ಬರೀ 35. ಉಳಿದ ಹೆಸರುಗಳನ್ನು ನಾವೇ ಇಡಬಹುದು, 2008ರಲ್ಲಿ ಬಂದ ಮೂರನೆಯ ಪೀಳಿಗೆಯಿಂದ ಅವು ಕನ್ನಡದಲ್ಲೇ ಇರಬಹುದು. ‘ಪ್ರಿಂಟ್’ ಎಂಬುದು ಆ 35ರಲ್ಲಿ ಇಲ್ಲ. ಅದಕ್ಕೆ ‘ಮುದ್ರಿಸು’ ಎಂದು ಹೆಸರಿಟ್ಟೆ. ‘ಮುದ್ರಿಸು’ ಎಂದರೆ ಯಂತ್ರ ಮುದ್ರಿಸಿತು! ಅಪ್ಪನ ಟ್ರೆಡಲ್ ಮೊದಲ ಸಲ ತುಳಿದಾಗಿನ ಸಂತೋಷವೇ ಆಯಿತು. ‘ಹೂವಿನಹಡಗಲಿ’ ಎಷ್ಟು ಅಕ್ಷರ ಎಂದು ಕೇಳಿದೆ. ನಮಗೆ ಏಳು, ಅದು 10 ಎಂದಿತು. ತಪ್ಪಲ್ಲ. ಕೊಂಬು, ಗುಡಿಸುಗಳನ್ನು ಅದು ಬೇರೆ ಮೊಳೆಯೆಂದು ಎಣಿಸುತ್ತದೆ. ಕನ್ನಡ ಅಂಕಿಯಲ್ಲಿ ಬರೆದ ೨೫ನ್ನು ಸಂಖ್ಯೆ ಮಾಡು ಎಂದರೆ 25 ಎಂದು ತಿಳಿದುಕೊಳ್ಳುತ್ತದೆ. ಆದರೆ ಆಜ್ಞೆಯ ಒಳಗೇ ೨೫ ಎಂದು ನೇರವಾಗಿ ಬರೆದರೆ ಮುನಿಯುತ್ತದೆ. ‘ಫಾಂಟ್‌ಪಟ್ಟಿ’ ಎಂದು ಹೆಸರಿಟ್ಟಾಗಲೂ ಮುನಿಯಿತು. ‘ಟ’ದ ಕೆಳಗೆ ‘ಪ’ ಒತ್ತಾಗದಂತೆ ನಡುವೆ ಕಾಣದ ಒಂದು ಗುರುತು ಇರುತ್ತದೆ, ಅದು ಹೆಸರಿನಲ್ಲಿ ಸಲ್ಲದಂತೆ. ಬರೀ ‘ಪಟ್ಟಿ’ ಎಂದೆ, ಒಪ್ಪಿತು.

ಮುನಿದಾಗ ಅದು ಕೆಂಪಕ್ಷರದಲ್ಲಿ ಏಳೆಂಟು ಸಾಲು ಬೈಯುತ್ತದೆ, ಇಂಗ್ಲಿಷಿನಲ್ಲಿ. ಹೆದರಬೇಡಿ. ಮೈಲಾರದಲ್ಲಿ ಗೊರವಯ್ಯನವರು ಬಿಲ್ಲೇರಿ ನುಡಿಯುವ ಕಾರ್ಣಿಕ ಒಂದೇ ಸಾಲು. ಅರ್ಥವನ್ನು ಜನ ಊರೂರಿಗೆ ಒಯ್ದು ಬಿಡಿಸುತ್ತಾರೆ. ಇಲ್ಲೂ ಹಾಗೆಯೇ. ಕೊನೆಯ ಸಾಲನ್ನು ಮೊದಲು ಓದಿ, ಎಷ್ಟನೆಯ ಸಾಲಿನಲ್ಲಿ ತಪ್ಪು ಎಂಬ ಸಂಖ್ಯೆ ನೋಡಿ. ಅಷ್ಟು ಸಾಕು.

ಕೆಲಸ ಮಾಡಿದ್ದು ಹೀಗೆ. ಪೇಜ್‌ಮೇಕರಿನಿಂದ ಬರೀ ಪಠ್ಯ ಹೊರತೆಗೆದೆ. ನನ್ನ ಫಾಂಟಿನ ಒಂದೊಂದು ಚೂರನ್ನೂ ಒತ್ತಿ ನೋಡಿ, ಈ ಇಂಗ್ಲಿಷ್ ಗುರುತಿಗೆ ಈ ಕನ್ನಡ ಎಂದು ಪಟ್ಟಿ ಬರೆದೆ. ನೂರಕ್ಕೂ ಮಿಕ್ಕಿ ಚೂರುಗಳು, ನಾಲ್ಕು ರಾತ್ರಿ. ಎರಡು ಮೂರು ಗುರುತು ಕೂಡಿ ಆಗುವ ಅಕ್ಷರಗಳನ್ನು ಮೊದಲು ಬದಲಿಸಬೇಕು, ಒಂಟಿ ಗುರುತು ಆಮೇಲೆ. ಇಲ್ಲವಾದರೆ ‘ಮ’ ಹೋಗಿ ‘ವ’ ಬಂದು ಕೂರುತ್ತದೆ. ಕಡತ ಬರೆಯುವಾಗ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ವಿಂಡೋಸ್ ಮತ್ತೆ ಹಳೆಯ ಇಂಗ್ಲಿಷ್ ಸಂಕೇತಕ್ಕೇ ಹೋಗುತ್ತದೆ.

ಓಡಿಸಿದೆ. ಪುಟದ ತುಂಬ ಕನ್ನಡ! ಕಣ್ಣು ಒದ್ದೆಯಾಯಿತು. ಆದರೆ ಮೇಷ್ಟರ ಮುನ್ನುಡಿಯ ಮೊದಲ ಸಾಲಿನಲ್ಲೇ ನಿಂತಿತ್ತು: ‘ಕನಾರ್ಟಕ’.

ಈ ‘ಕನಾರ್ಟಕ’ವನ್ನು ನೀವೂ ಅಂತರ್ಜಾಲದಲ್ಲಿ ನೋಡಿರಬಹುದು. ನೋಡಿ ಸಿಟ್ಟು ಮಾಡಿಕೊಂಡಿರಬಹುದು. ಅದು ಬರೆದವನ ಅಜ್ಞಾನವಲ್ಲ, ಅರ್ಧ ಮಾಡಿದ ಪರಿವರ್ತನೆ. ಇದರ ಗುಟ್ಟು ಯಾವ ಇಂಗ್ಲಿಷ್ ಪುಸ್ತಕದಲ್ಲೂ ನನಗೆ ಬೇಕಾಗಲಿಲ್ಲ. ಅಪ್ಪನ ಹತ್ತಿರ ಮೊಳೆ ಜೋಡಿಸುತ್ತಿದ್ದ ಹಿರಿಯರು ಹುಡುಗನಾಗಿದ್ದಾಗಲೇ ಹೇಳಿಕೊಟ್ಟಿದ್ದರು: ಅರ್ಕಾವೊತ್ತು ಬಾಯಲ್ಲಿ ಮೊದಲು, ಕಾಗದದಲ್ಲಿ ಆಮೇಲೆ. ಫಾಂಟು ಮೊಳೆಯ ಪದ್ಧತಿಯಂತೆ ‘ನಾ’ ಆದ ಮೇಲೆ ಅರ್ಕಾವೊತ್ತು ಇಡುತ್ತದೆ. ಯೂನಿಕೋಡ್ ಬಾಯಿಯಂತೆ ‘ರ್’ ಮೊದಲು ಕೇಳುತ್ತದೆ. ಆದ್ದರಿಂದ ಅರ್ಕಾವೊತ್ತು ಕಂಡಲ್ಲೆಲ್ಲ ಅದನ್ನು ಹಿಂದಿನ ಇಡೀ ಅಕ್ಷರದ ಆಚೆಗೆ, ಗುಣಿತ ಒತ್ತು ಸಮೇತ ದಾಟಿಸಿ ಇಡು ಎಂದು ಆಜ್ಞೆ ಬರೆದೆ. ಬರೀ ‘ನಾ’ ದಾಟಿದರೆ ಸಾಲದು. ‘ಈರ್ಷ್ಯೆ’ಯಲ್ಲಿ ‘ಷ್ಯೆ’ ಪೂರ್ತಿ ದಾಟಬೇಕು. ಮತ್ತೆ ಓಡಿಸಿದೆ. ಕರ್ನಾಟಕ ಕರ್ನಾಟಕವಾಯಿತು!

ಬಂಧುಗಳೇ, ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ನನಗೆ ಬಾರದಿದ್ದುದು ಇಂಗ್ಲಿಷ್; ಅದು 35 ಪದ, ಕಲಿತೆ. ಬೇಕಾಗಿದ್ದುದು ಕನ್ನಡದ ಅಕ್ಷರಜ್ಞಾನ. ಅದು ಅಚ್ಚುಮನೆಯಲ್ಲಿ, ಶಾಲೆಯಲ್ಲಿ, ನಿಮ್ಮ ನಡುವೆ ಇದೆ. ಗಣಕ ನಮ್ಮದಲ್ಲ, ಬೆಂಗಳೂರಿನವರದು, ಇಂಗ್ಲಿಷಿನವರದು ಎಂದು ಕೈಕಟ್ಟಿ ಕುಳಿತರೆ ಆ ಜ್ಞಾನವೂ ನಮ್ಮೊಂದಿಗೆ ಮಣ್ಣಾಗುತ್ತದೆ.

ಆದ್ದರಿಂದ ಸಂಘಟನೆಗಳಿಗೆ ನನ್ನ ಮೂರು ಬೇಡಿಕೆ. ಒಂದು, ಸರ್ಕಾರಿ ಕಚೇರಿ, ಸಹಕಾರ ಸಂಘ, ಶಾಲೆಗಳ ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತರಲು ಒತ್ತಾಯಿಸಿ. ಅಲ್ಲಿಯ ತನಕ ಕಡತದ ಜೊತೆ ಫಾಂಟನ್ನೂ ಕಾದಿಡಲು ಹೇಳಿ. ಎರಡು, ಗಣಕದ ಭಾಷೆಯನ್ನು ನಮ್ಮ ಮಕ್ಕಳಿಗೆ ತಾಲ್ಲೂಕಿನಲ್ಲೇ, ಕನ್ನಡದಲ್ಲೇ ಕಲಿಸಲು ಹೋರಾಡಿ. ಮೂರು, ಬೇಡಿಕೆಗೆ ಕಾಯದೆ ನಾವೇ ಆರಂಭಿಸೋಣ. ಪೈಥಾನ್ ಹಾಕುವ ವಿಧಾನ, ಯಾವ ಚೌಕಕ್ಕೆ ಟಿಕ್ ಹಾಕಬೇಕು ಎಂಬುದರ ಸಮೇತ, ಒಂದು ಹಾಳೆಯಲ್ಲಿ ಬರೆದಿದ್ದೇನೆ. ಸಾವಿರ ಪ್ರತಿ ನನ್ನ ಖರ್ಚಿನಲ್ಲಿ ಅಚ್ಚು ಹಾಕಿ ಈ ಬಾಗಿಲಲ್ಲೇ ಇಟ್ಟಿದ್ದೇನೆ. ಪರಿವರ್ತಕವನ್ನು ಯಾರು ಪೆನ್‌ಡ್ರೈವ್ ತಂದರೂ ಹಾಕಿಕೊಡುತ್ತೇನೆ.

ಮೇಷ್ಟರ ಮಗಳಿಗೆ ಪುಸ್ತಕ ಕಳಿಸಿದೆ. ಆ ರಾತ್ರಿ ಅವಳು ಫೋನಿನಲ್ಲಿ ಒಂದು ಬೀಸುವ ಪದವನ್ನು ಓದಲಿಲ್ಲ, ಹಾಡಿದಳು. ನಡುವೆ ನಿಂತು, “ಅಣ್ಣಾ, ಹನ್ನೆರಡನೇ ಪುಟದಾಗ ಒಂದು ಒತ್ತು ತಪ್ಪೈತ್ರಿ” ಎಂದಳು. ತಪ್ಪು ಯಂತ್ರದ್ದಲ್ಲ. 2004ರಲ್ಲಿ ಪ್ರೂಫ್ ನೋಡಿದವನು ನಾನೇ. ಇಪ್ಪತ್ತು ವರ್ಷದ ಮೇಲೆ ತಿದ್ದಿದೆ.

ಸಿರಿಗನ್ನಡಂ ಗೆಲ್ಗೆ.