ಆಘಾತದ ನಂತರದ ದಿನಚರಿ

ದೊಡ್ಡ ಅಪಾಯದಿಂದ ಪಾರಾಗಿ ಬಂದವರಲ್ಲಿ ಕೆಲವರಿಗೆ, ತಿಂಗಳುಗಳು ಕಳೆದರೂ ಭಯ ಬಿಟ್ಟುಹೋಗುವುದಿಲ್ಲ. ವೈದ್ಯರು ಇದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಚಿಕ್ಕದಾಗಿ ಪಿಟಿಎಸ್‌ಡಿ ಎನ್ನುತ್ತಾರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಲ್ಲಿ ಇದಕ್ಕೆ ಜಾಗ ಕೊಟ್ಟಿತು. ಇದು ಯುದ್ಧದಿಂದ ಮರಳಿದ ಸೈನಿಕರಿಗೆ ಮಾತ್ರ ಬರುವ ಕಾಯಿಲೆಯಲ್ಲ. ರಸ್ತೆ ಅಪಘಾತ, ಬೆಂಕಿ, ನೆರೆ, ಹಲ್ಲೆ, ಲೈಂಗಿಕ ದೌರ್ಜನ್ಯ, ಕಣ್ಣೆದುರೇ ಕಂಡ ಸಾವು ಇದಕ್ಕೆ ಕಾರಣವಾಗಬಹುದು.

ತುಮಕೂರು ಸೀಮೆಗೆ ಇದು ದೂರದ ಮಾತಲ್ಲ. ಕೋರ ಹೋಬಳಿಯ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, 2022ರ ಆಗಸ್ಟ್‌ನಲ್ಲಿ ಕಳ್ಳಂಬೆಳ್ಳದ ಬಳಿ ಕೂಲಿಗಾರರ ವಾಹನಕ್ಕೂ ಲಾರಿಗೂ ಡಿಕ್ಕಿಯಾಗಿ 9 ಮಂದಿ ಸತ್ತರು. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ವಯಸ್ಸಾದವರೂ ಬಲಿಯಾದರು. ಸತ್ತವರ ಲೆಕ್ಕ ಸಿಗುತ್ತದೆ. ಅದನ್ನು ಕಂಡು ಉಳಿದವರ ಮನಸ್ಸಿನ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಇಂಥ ಘಟನೆಯ ನಂತರ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿಬೀಳುವುದು ಸಹಜ. ಹೆಚ್ಚಿನವರಲ್ಲಿ ಅದು ತಾನಾಗಿ ಇಳಿಯುತ್ತದೆ. ತಿಂಗಳು ದಾಟಿದರೂ ಉಳಿದು, ದುಡಿಮೆಗೂ ಸಂಸಾರಕ್ಕೂ ಅಡ್ಡಿಯಾದರೆ ಅದು ಕಾಯಿಲೆ. ಅದರ ಲಕ್ಷಣಗಳು ನಾಲ್ಕು ಬಗೆ. ಘಟನೆ ಕನಸಿನಲ್ಲೋ ಎಚ್ಚರದಲ್ಲೋ ಮತ್ತೆ ನಡೆದಂತೆ ಕಾಣುವುದು ಒಂದು. ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ದೂರ ಸರಿಯುವುದು ಇನ್ನೊಂದು. ತನ್ನದೇ ತಪ್ಪೆಂಬ ಕೊರಗು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು ಮೂರನೆಯದು. ಸಣ್ಣ ಸದ್ದಿಗೂ ಮೈ ಜುಮ್ಮೆನ್ನುವುದು, ಮಾತು ಮಾತಿಗೂ ಸಿಟ್ಟು, ನಿದ್ದೆ ಹತ್ತದಿರುವುದು ನಾಲ್ಕನೆಯದು.

ಇದು ಧೈರ್ಯದ ಕೊರತೆಯಲ್ಲ. ಅಪಾಯ ಕಂಡೊಡನೆ ಮಿದುಳು ಅಡ್ರಿನಲಿನ್ ಹರಿಸಿ, ಎದೆಬಡಿತ ಏರಿಸಿ, ದೇಹವನ್ನು ಓಡುವುದಕ್ಕೋ ಎದುರಿಸುವುದಕ್ಕೋ ಅಣಿಮಾಡುತ್ತದೆ. ಪಿಟಿಎಸ್‌ಡಿಯಲ್ಲಿ ಅಪಾಯ ಕಳೆದ ಮೇಲೂ ಈ ಕಾವಲು ಸಡಿಲವಾಗುವುದಿಲ್ಲ. ಅಪಾಯ ಮುಗಿಯಿತೆಂದು ದೇಹಕ್ಕೆ ದಿನದಿನವೂ ಮನದಟ್ಟು ಮಾಡಿಸುವುದೇ ಸ್ವಯಂ ಆರೈಕೆಯ ತಿರುಳು.

ಈ ಆರೈಕೆಯಲ್ಲಿ ಮೊದಲನೆಯದು ಉಸಿರು. ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಟ್ಟರೆ ಎದೆಬಡಿತ ತಗ್ಗುತ್ತದೆ. ಭಯ ಬಂದಾಗ ಮಾತ್ರವಲ್ಲ, ನೆಮ್ಮದಿಯ ಹೊತ್ತಿನಲ್ಲೂ ದಿನಕ್ಕೆ ಎರಡು ಸಲ ಐದೈದು ನಿಮಿಷ ಮಾಡಿದರೆ ಅದು ಕೈವಶವಾಗುತ್ತದೆ. ಹಳೆಯ ದೃಶ್ಯ ಕಣ್ಣಮುಂದೆ ಬಂದಾಗ ಎದುರಿಗಿರುವ ಐದು ವಸ್ತುಗಳನ್ನು ಬಾಯಿಬಿಟ್ಟು ಹೆಸರಿಸುವುದು, ಬರಿಗಾಲಿಗೆ ತಾಗುವ ನೆಲದ ತಂಪನ್ನು ಗಮನಿಸುವುದು, ಇವತ್ತು ಯಾವ ವಾರ, ಇದು ಯಾವ ಊರು ಎಂದು ಹೇಳಿಕೊಳ್ಳುವುದು ಮನಸ್ಸನ್ನು ಇಂದಿಗೆ ತರುತ್ತವೆ.

ಎರಡನೆಯದು ನಿದ್ದೆ. ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಬೇಕು. ಮಧ್ಯಾಹ್ನದ ನಂತರ ಕಾಫಿ, ಟೀ ಬೇಡ. ಹೆಂಡ ಕುಡಿದರೆ ಬೇಗ ನಿದ್ದೆ ಹತ್ತಬಹುದು, ಆದರೆ ನಡುರಾತ್ರಿಯ ನಂತರ ಅದೇ ನಿದ್ದೆ ಕೆಡಿಸುತ್ತದೆ, ಚಟವೂ ಅಂಟುತ್ತದೆ. ಅಪಘಾತದ, ಚಿರತೆ ದಾಳಿಯ ವಿಡಿಯೊಗಳು ಮೊಬೈಲಿಗೆ ಬಂದರೆ ನೋಡದೆ ಅಳಿಸುವುದು ಒಳ್ಳೆಯದು.

ಮೂರನೆಯದು ಮೈಗೆ ಕೆಲಸ. ಬೆಳಗಿನ ನಡಿಗೆಯೋ ತೋಟದ ಕೆಲಸವೋ ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತದೆ, ರಾತ್ರಿ ನಿದ್ದೆ ತರುತ್ತದೆ. ಹೊತ್ತಿಗೆ ಸರಿಯಾದ ಊಟವೂ ಇದರೊಂದಿಗೆ ಸೇರಬೇಕು.

ನಾಲ್ಕನೆಯದೇ ಎಲ್ಲಕ್ಕಿಂತ ಕಷ್ಟದ್ದು: ಹೆದರಿ ಬಿಟ್ಟದ್ದಕ್ಕೆ ಮೆಲ್ಲಗೆ ಮರಳುವುದು. ದೂರ ಸರಿದಷ್ಟೂ ಆ ಹೊತ್ತಿಗೆ ಹಾಯೆನಿಸುತ್ತದೆ, ಆದರೆ ಭಯ ಬೇರೂರುತ್ತದೆ. ಹೆದ್ದಾರಿಗೆ ಹೆದರುವವರು ಮೊದಲು ನಂಬಿಕೆಯವರ ಜೊತೆ ಬಸ್ ನಿಲ್ದಾಣದಲ್ಲಿ ಕೂರಬಹುದು. ಆಮೇಲೆ ಬಸ್ಸಿನಲ್ಲಿ ಒಂದು ಸ್ಟಾಪು, ಕೊನೆಗೆ ತುಮಕೂರಿನವರೆಗೆ. ಭಯ ಇಳಿಯುವ ತನಕ ಅಲ್ಲೇ ಇರುವುದು ಇಲ್ಲಿ ಮುಖ್ಯ. ನಿಜವಾದ ಅಪಾಯ ಇರುವ ಕಡೆ ಎಚ್ಚರಿಕೆ ಬೇಕೇ ಬೇಕು. ಚಿರತೆ ಓಡಾಡುವ ಊರಿನಲ್ಲಿ ಕತ್ತಲಲ್ಲಿ ಒಬ್ಬರೇ ಹೊರಗೆ ಹೋಗದಿರುವುದು ವಿವೇಕ. ನಡುಹಗಲಲ್ಲೂ ಬಾಗಿಲು ತೆರೆಯದಿರುವುದು ಕಾಯಿಲೆಯ ಲಕ್ಷಣ. ಭಯ ತೀವ್ರವಾಗಿದ್ದರೆ ಈ ಹೆಜ್ಜೆಯನ್ನು ಚಿಕಿತ್ಸಕರ ಮಾರ್ಗದರ್ಶನದಲ್ಲೇ ಇಡಬೇಕು.

ಮನೆಯವರ ಪಾತ್ರವೂ ದೊಡ್ಡದು. ನಡೆದದ್ದನ್ನು ಹೇಳೆಂದು ಒತ್ತಾಯಿಸಬಾರದು. ಹೇಳತೊಡಗಿದಾಗ ನಡುವೆ ಬಾಯಿ ಹಾಕದೆ ಕೇಳಬೇಕು. ಕೆಟ್ಟ ಕನಸಿನಲ್ಲಿ ನರಳುವವರನ್ನು ಮೈ ಅಲುಗಿಸದೆ, ಸ್ವಲ್ಪ ದೂರ ನಿಂತು ಹೆಸರು ಹಿಡಿದು ಕರೆದು ಎಬ್ಬಿಸಬೇಕು. ಘಟನೆ ನಡೆದ ತಾರೀಕು ಮರಳಿ ಬರುವಾಗ ಸಂಕಟ ಹೆಚ್ಚುವುದುಂಟು. ಆ ದಿನ ಜೊತೆಗಿರಬೇಕು.

ಈ ಅಭ್ಯಾಸಗಳು ಚಿಕಿತ್ಸೆಗೆ ಬೆಂಬಲವೇ ಹೊರತು ಬದಲಿಯಲ್ಲ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ, ಸರ್ಟ್ರಲಿನ್‌ನಂಥ ಔಷಧಿಗಳಿವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು. ಸಾಯಬೇಕೆನ್ನುವ ಯೋಚನೆ ಸುಳಿದರೆ ಒಂದು ದಿನವೂ ತಡಮಾಡದೆ ಈ ಸಂಖ್ಯೆಗೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಭಯ ಹಿಡಿದವರು ಗುಣವಾಗಬಲ್ಲರು. ಅವರನ್ನು ಒಂಟಿಯಾಗಿ ಬಿಡಬೇಡಿ.